ಗೆದ್ದ ಮರುವರ್ಷ

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಶಾಲೆಯಿಂದ ಕಾಗದ ಬಂದಾಗ ನಾವು ಮೂವರೂ ಬಹಳ ಸಂತೋಷಪಟ್ಟೆವು. ಏನು ಬರೆಯತಕ್ಕದ್ದೆಂದು ಯೋಚಿಸಿದಾಗ ಮಾತ್ರ ಸ್ವಲ್ಪ ಹಿಂಜರಿದೆವು. ಹಾಸ್ಟೆಲಿನ ಗಂಟೆ, ಬೆಳಗಿನ ಪ್ರಾರ್ಥನೆ, ಭಾನುವಾರದ ಕಾಗದ ಬರೆಯುವ ಹೊತ್ತು, ಇವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ನಾವು ಬರೆಯಹೊರಟಿರುವುದು ಕಾಲ್ಚೆಂಡಾಟದ ಒಂದು ಪಾರಿತೋಷಕದ ವಿಷಯವನ್ನು. ಅದರೊಡನೆ ನಮ್ಮ ಮೇಲೆ ಐವತ್ತನಾಲ್ಕು ವರ್ಷ ಇದ್ದ ಒಂದು ಋಣದ ವಿಷಯವನ್ನು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಕಾಲ್ಚೆಂಡಾಟಕ್ಕೇನು ಕೆಲಸವೆಂದು ಕೇಳುವವರು ದಯಮಾಡಿ ಕೊನೆಯವರೆಗೆ ಓದಬೇಕೆಂದು ಬೇಡುತ್ತೇವೆ.

ನಾವು ಮೂವರೆಂದರೆ ಒಬ್ಬಳು ಕಡೂರಿನವಳು, ಒಬ್ಬಳು ತರೀಕೆರೆಯವಳು, ಒಬ್ಬಳು ಅಜ್ಜಂಪುರದವಳು. ರಜೆ ಬಂದಿತೆಂದರೆ ಮೂವರೂ ಒಂದೇ ರೈಲಿನಲ್ಲಿ ಊರಿಗೆ ಹೊರಡುತ್ತಿದ್ದೆವು. ಕಡೂರಿನವಳು ಮೊದಲು ಇಳಿಯುವಳು. ಬೀರೂರು ಜಂಕ್ಷನ್ನಿನಲ್ಲಿ ತರೀಕೆರೆಯವಳು ತನ್ನ ಟ್ರಂಕನ್ನು ಇಳಿಸಿಕೊಂಡು ಶಿವಮೊಗ್ಗದ ಗಾಡಿಗೆ ಕಾಯುವಳು. ಅಜ್ಜಂಪುರದವಳು ಮುಂದಕ್ಕೆ ಹೋಗುವಳು. ಆದರೆ ಅವಳು ಒಂಟಿಯಾಗಿ ಹೋಗುತ್ತಿರಲಿಲ್ಲ. ಶಿವನಿಯ ಕಡೆಯ ಒಂದು ಹಳ್ಳಿಯಿಂದ ಬಂದ ನಾಲ್ಕನೆಯವಳೊಬ್ಬಳು ಅವಳ ಜೊತೆಗಿರುತ್ತಿದ್ದಳು. ಆ ನಾಲ್ಕನೆಯವಳೇ ನಮ್ಮ ಶಾಲೆಯ ಥ್ರೋಬಾಲ್ ತಂಡದ ನಾಯಕಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವಳೇ ಹೇಳಿದ್ದಾಳೆ. ಈ ಲೇಖನದಲ್ಲಿ ಅವಳು ನಾಯಕಿಯಾಗಿಯೇ ಇರಲಿ.

ನಮಗೆ ಆಗ ವ್ಯಾಯಾಮವನ್ನು ಕಲಿಸುತ್ತಿದ್ದ ಟೀಚರು ಬೆಂಗಳೂರು ದಂಡಿನವರು. ದಂಡಿನಲ್ಲಿ ಹುಟ್ಟಿದವರಿಗೆ ಕಾಲ್ಚೆಂಡಾಟವನ್ನು ಯಾರೂ ಕಲಿಸಬೇಕಾಗಿರಲಿಲ್ಲವಂತೆ. ಮನೆಯ ಬಾಗಿಲನ್ನು ತೆರೆದರೆ ಬೀದಿಯಲ್ಲಿ ಚೆಂಡು ಉರುಳುತ್ತಿತ್ತಂತೆ. ನಮಗೆ ಅವರು ಕಲಿಸಿದ್ದು ಥ್ರೋಬಾಲನ್ನು. ಹೇಳುತ್ತಿದ್ದ ಕಥೆಗಳೆಲ್ಲ ಕಾಲ್ಚೆಂಡಾಟದವು. ಸಾಯಂಕಾಲ ಬಲೆಯನ್ನು ಬಿಚ್ಚಿ ಸುತ್ತಿಡುವ ಹೊತ್ತಿನಲ್ಲಿ ಆ ಕಥೆಗಳು ಆರಂಭವಾಗುತ್ತಿದ್ದವು.

ಬೊಂಬಾಯಿಯಲ್ಲಿ ರೋವರ್ಸ್ ಕಪ್ ಎಂಬ ಪಂದ್ಯಾವಳಿ 1891ರಲ್ಲಿ ಪ್ರಾರಂಭವಾಯಿತು. ಬಹುಕಾಲ ಅದು ಬ್ರಿಟಿಷ್ ಸೈನ್ಯದ ಪಡೆಗಳ ಸ್ವತ್ತಿನಂತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿದರು. ಮರುವರ್ಷ, ಅಂದರೆ 1938ರಲ್ಲಿ, ಸೈನ್ಯದ ಒಂದು ಪಡೆಯನ್ನೇ ಸೋಲಿಸಿ ಅದನ್ನು ಮತ್ತೊಮ್ಮೆ ಗೆದ್ದರು. ಈ ಕಥೆಯನ್ನು ಹೇಳುವಾಗಲೆಲ್ಲ ಟೀಚರು ಮೊದಲ ಗೆಲುವನ್ನು ಬೇಗನೆ ಮುಗಿಸಿ ಎರಡನೆಯ ಗೆಲುವಿನ ಮೇಲೆ ನಿಲ್ಲುತ್ತಿದ್ದರು. “ಒಂದು ತಂಡ ಎಂಥದೆಂದು ತಿಳಿಯಬೇಕಾದರೆ ಗೆದ್ದ ವರ್ಷದಲ್ಲಿ ನೋಡಬೇಡಿ, ಮರುವರ್ಷ ನೋಡಿ” ಎಂಬುದು ಅವರ ಮಾತು. ಆ ಮಾತಿನ ಅರ್ಥವನ್ನು ತಿಳಿದುಕೊಳ್ಳುವ ವಯಸ್ಸು ನಮಗೆ ಆಗ ಇರಲಿಲ್ಲ.

ಸಂತೋಷ್ ಟ್ರೋಫಿಯ ಕಥೆಯನ್ನೂ ನಾವು ಅವರಿಂದಲೇ ಕೇಳಿದೆವು. ಪ್ರಾಂತಗಳ ತಂಡಗಳು ಒಂದರೊಡನೊಂದು ಸೆಣಸುವ ಈ ಪಂದ್ಯಾವಳಿ 1941ರಲ್ಲಿ ಆರಂಭವಾಯಿತು. ಬಂಗಾಳದ ಸಂತೋಷ್ ಎಂಬ ಸ್ಥಳದ ಮಹಾರಾಜರ ನೆನಪಿಗಾಗಿ ಅದಕ್ಕೆ ಈ ಹೆಸರು ಬಂದಿತು. 1946-47ರಲ್ಲಿ ಮೈಸೂರು ತಂಡವು ಬೆಂಗಳೂರಿನಲ್ಲಿಯೇ ಬಂಗಾಳವನ್ನು ಸೋಲಿಸಿ ಅದನ್ನು ಮೊದಲನೆಯ ಸಲ ಗೆದ್ದಿತು. ಆಗ ನಮ್ಮ ಮೂರು ಊರುಗಳೂ ಕಡೂರು ಜಿಲ್ಲೆಗೆ ಸೇರಿದ್ದವು. 1947ರಲ್ಲಿ ಆ ಜಿಲ್ಲೆಯ ಹೆಸರು ಚಿಕ್ಕಮಗಳೂರು ಎಂದಾಯಿತು. ಟೀಚರು ಆಗ ಚಿಕ್ಕ ಹುಡುಗಿ. ತಂದೆಯ ಹೆಗಲ ಮೇಲೆ ಕುಳಿತು ಆ ದಿನದ ಜನಸಂದಣಿಯನ್ನು ನೋಡಿದ ನೆನಪು ಅವರಿಗಿತ್ತು. ಆಟ ಮಾತ್ರ ಒಂದಿಷ್ಟೂ ಕಾಣಿಸಲಿಲ್ಲವೆಂದು ಹೇಳಿ ನಗುತ್ತಿದ್ದರು.

ಆ ಗೆಲುವಿನ ತರುವಾಯ ನಡೆದುದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. 1948ರಲ್ಲಿ ಭಾರತದ ತಂಡ ಲಂಡನ್ನಿನ ಒಲಿಂಪಿಕ್ಸಿಗೆ ಹೋದಾಗ ಅದರಲ್ಲಿ ಬೆಂಗಳೂರಿನವರು ಹಲವರಿದ್ದರು. ಬಹುಮಂದಿ ಬರಿಗಾಲಿನಲ್ಲಿ ಆಡಿದ ಆ ತಂಡವು ಫ್ರಾನ್ಸಿಗೆ 2-1ರಲ್ಲಿ ಸೋತಿತು. ನಮ್ಮ ಕಡೆಯ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಇನ್ನೊಬ್ಬ ಆಟಗಾರರಾದ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಧನರಾಜರೂ ಅಲ್ಲಿಗೆ ಹೋದರು. ಈಸ್ಟ್ ಬೆಂಗಾಲಿನ ಮುಂಚೂಣಿಯ ಐವರನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆಯತೊಡಗಿದರು. ಆ ಐವರಲ್ಲಿ ಇವರಿಬ್ಬರೂ ಸೇರಿದ್ದರು. ಅವರ ಬಲದಿಂದ ಆ ತಂಡವು 1949, 1950, 1951, ಈ ಮೂರು ವರ್ಷಗಳೂ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಸೋತ ಬಂಗಾಳವು ಗೆದ್ದವರ ನಾಡಿನಿಂದ ಆಟಗಾರರನ್ನು ಕರೆದುಕೊಂಡಿತೆಂಬುದೇ ಇದರ ತಾತ್ಪರ್ಯ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಲ್ಕತ್ತೆಯಲ್ಲಿ ಆಟವನ್ನು ನೋಡಲು ಸಾವಿರಾರು ಜನ ಸೇರುತ್ತಿದ್ದರು. ಆಟಗಾರನಿಗೆ ಮರ್ಯಾದೆಯಿತ್ತು, ಜೀವನೋಪಾಯವಿತ್ತು. ಗೆದ್ದವನನ್ನು ಉಳಿಸಿಕೊಳ್ಳಲು ಊರಿನಲ್ಲಿ ಅವನಿಗೊಂದು ನೆಲೆ ಬೇಕು. ಅದಿಲ್ಲದಿದ್ದರೆ ಪಾರಿತೋಷಕ ಮಾತ್ರ ಬೀರುವಿನಲ್ಲಿ ಉಳಿಯುತ್ತದೆ.

ಬೆಂಗಳೂರು ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿತೆಂದು ಹೇಳಬೇಕು. 1952-53ರಲ್ಲಿ ಮೈಸೂರು ಮತ್ತೆ ಬಂಗಾಳವನ್ನು ಸೋಲಿಸಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್, ಐ.ಟಿ.ಐ. ಮೊದಲಾದ ಕಾರ್ಖಾನೆಗಳು ತಮ್ಮವೇ ತಂಡಗಳನ್ನು ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟವು. ಹಗಲು ಕಾರ್ಖಾನೆಯಲ್ಲಿ ದುಡಿದು ಸಾಯಂಕಾಲ ಮೈದಾನಕ್ಕೆ ಇಳಿಯುವ ಒಂದು ತಲೆಮಾರು ಹಾಗೆ ಬೆಳೆಯಿತು. 1967-68ರಲ್ಲಿ ಮೈಸೂರು ಮೂರನೆಯ ಸಲ ಗೆದ್ದಿತು; ಮರುವರ್ಷ 1968-69ರಲ್ಲಿ ಬೆಂಗಳೂರಿನಲ್ಲಿ ನಾಲ್ಕನೆಯ ಸಲ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಎದುರಾದದ್ದು ಬಂಗಾಳವೇ. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಟೀಚರು ಅದನ್ನು ಕತ್ತರಿಸಿ ವ್ಯಾಯಾಮದ ಸಾಮಾನುಗಳ ಕೋಣೆಯ ಬಾಗಿಲಿಗೆ ಗೋಂದಿನಿಂದ ಅಂಟಿಸಿದರು. “ನೋಡಿದಿರಾ, ಮರುವರ್ಷವೂ!” ಎಂದರು.

ಅದೇ ಸಾಲಿನಲ್ಲಿ ನಮ್ಮ ಶಾಲೆಯ ತಂಡವೂ ಒಂದು ಕಪ್ಪನ್ನು ಗೆದ್ದಿತು. ಅದು ಸುತ್ತಮುತ್ತಲಿನ ಕೆಲವು ಹೆಣ್ಣುಮಕ್ಕಳ ಶಾಲೆಗಳ ನಡುವೆ ನಡೆದ ಥ್ರೋಬಾಲ್ ಪಂದ್ಯ, ಗೇಣುದ್ದದ ಕಪ್ಪು. ನಾವು ಮೂವರೂ ತಂಡದಲ್ಲಿದ್ದೆವು, ಆದರೆ ಗೆಲ್ಲಿಸಿದವಳು ನಾಯಕಿ. ಅವಳು ಕೈಯೆತ್ತಿ ಚೆಂಡನ್ನು ಎಸೆದರೆ ಅದು ಬಲೆಯ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹೋಗಿ ಎದುರಿನ ಗೆರೆಯ ಒಳಮೂಲೆಯಲ್ಲಿ ಬೀಳುತ್ತಿತ್ತು. ಊರಿನಲ್ಲಿ ಬೇಸಗೆಯ ರಜೆಯಲ್ಲಿ ಈರುಳ್ಳಿಯ ಹೊಲದ ಬದುವಿನ ಮೇಲೆ ನಿಂತು ಹಕ್ಕಿಗಳನ್ನು ಓಡಿಸಲು ಮಣ್ಣಿನ ಹೆಂಟೆಯನ್ನು ಎಸೆದು ಎಸೆದು ಬಂದ ಗುರಿ ಅದೆಂದು ಹೇಳುತ್ತಿದ್ದಳು. ಪಂದ್ಯ ಮುಗಿದ ಮಾರನೆಯ ದಿನ ಫೋಟೋ ತೆಗೆಸಿದರು. ನಾಯಕಿ ನಡುವೆ ಕುರ್ಚಿಯಲ್ಲಿ ಕುಳಿತು ಕಪ್ಪನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬೇಕಾದವರು ಪ್ರತಿಗೆ ದುಡ್ಡು ಕೊಡಬೇಕೆಂದಾಗ ಅವಳೂ ಕೊಟ್ಟಳು. ಪ್ರತಿಗಳು ಕೈಸೇರುವ ಹೊತ್ತಿಗೆ ಅವಳ ತಂದೆಯವರು ಬಂದು ಅವಳನ್ನು ನಮಗಿಂತ ಎರಡು ದಿನ ಮೊದಲೇ ಊರಿಗೆ ಕರೆದುಕೊಂಡು ಹೋಗಿದ್ದರು. ಅವಳ ಪ್ರತಿಯನ್ನು ಅಜ್ಜಂಪುರದವಳು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು. ಜೂನಿನಲ್ಲಿ ಶಾಲೆ ತೆರೆದಾಗ ಕೊಟ್ಟರಾಯಿತೆಂದುಕೊಂಡೆವು.

ಜೂನಿನಲ್ಲಿ ಅವಳು ಬರಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತೆಂದು ತಿಳಿಯಿತು. ಟೀಚರು ಹೆಡ್‌ಮಿಸ್ಟ್ರೆಸ್ಸರೊಡನೆ ಮಾತನಾಡಿದರು. ತಂದೆಯವರಿಗೆ ಒಂದು ಕಾಗದವೂ ಹೋಯಿತು. ಉತ್ತರ ಬಂದಿತೋ ಇಲ್ಲವೋ ನಾವು ಕೇಳಲಿಲ್ಲ. ನಾವೂ ಅವಳಿಗೆ ಕಾಗದ ಬರೆಯಲಿಲ್ಲ. ಅಜ್ಜಂಪುರದಿಂದ ಅವಳ ತವರಿಗೆ ಏಳೆಂಟು ಮೈಲಿ ಮಾತ್ರ. ಆದರೂ ನಮ್ಮಲ್ಲಿ ಒಬ್ಬಳೂ ಹೋಗಲಿಲ್ಲ. ಎಸ್.ಎಸ್.ಎಲ್.ಸಿ.ಯ ವರ್ಷವೆಂಬ ನೆಪವಿತ್ತು. ನಿಜವನ್ನು ಹೇಳುವುದಾದರೆ, ಅವಳಿಗೆ ಆದುದು ನಮಗೂ ಆಗಬಹುದೆಂಬ ಭಯವಿತ್ತು. ಆ ಭಯದ ಹತ್ತಿರಕ್ಕೆ ಹೋಗಲು ನಮಗೆ ಮನಸ್ಸಿರಲಿಲ್ಲ. ಆ ವರ್ಷ ಪಂದ್ಯದ ಮೊದಲ ಸುತ್ತಿನಲ್ಲಿಯೇ ಸೋತೆವು. ಕಪ್ಪನ್ನು ಒಂದು ಚೀಲದಲ್ಲಿ ಹಾಕಿ ಗೆದ್ದ ಶಾಲೆಗೆ ಒಪ್ಪಿಸಿದೆವು. ಟೀಚರು ನಮ್ಮನ್ನು ಬಯ್ಯಲಿಲ್ಲ. ಬಾಗಿಲಿಗೆ ಅಂಟಿಸಿದ್ದ ಪತ್ರಿಕೆಯ ತುಂಡು ಬಿಸಿಲಿಗೆ ಹಳದಿಯಾಗಿ ಅಲ್ಲಿಯೇ ಇತ್ತು.

ಮುಂದೆ ನಾವು ಬೆಳೆದೆವು, ಸಂಸಾರಗಳಾದವು. ಮೈಸೂರು ರಾಜ್ಯದ ಹೆಸರು 1973ರ ನವೆಂಬರ್ 1ರಂದು ಕರ್ನಾಟಕವೆಂದಾಯಿತು. ಹೊಸ ಹೆಸರಿನ ತಂಡವು 1975-76ರಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದವರೆಗೆ ಹೋಗಿ ಬಂಗಾಳಕ್ಕೆ ಸೋತಿತು. ಅಲ್ಲಿಂದ ಮುಂದೆ ನಲವತ್ತೇಳು ವರ್ಷ ಅಂತಿಮ ಪಂದ್ಯವನ್ನೂ ಕಾಣಲಿಲ್ಲ. ಒಂದು ತಲೆಮಾರಿನ ಮಕ್ಕಳು, ಆಮೇಲೆ ಅವರ ಮಕ್ಕಳು, ತಮ್ಮ ನಾಡು ಒಂದು ಕಾಲದಲ್ಲಿ ಬಂಗಾಳವನ್ನು ನಾಲ್ಕು ಸಲ ಸೋಲಿಸಿತ್ತೆಂಬುದನ್ನೇ ತಿಳಿಯದೆ ಬೆಳೆದರು.

2023ರ ಮಾರ್ಚಿ 4ರಂದು ಈ ಕಥೆ ಬದಲಾಯಿತು. ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ ಮೊದಲನೆಯ ಸಲ ಭಾರತದ ಹೊರಗೆ, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಡೆಯಿತು. ಕರ್ನಾಟಕವು ಸೆಮಿಫೈನಲಿನಲ್ಲಿ ಸರ್ವಿಸಸ್ ತಂಡವನ್ನು 3-1ರಲ್ಲಿ ಸೋಲಿಸಿ ಬಂದಿತ್ತು, ಎದುರಿಗಿದ್ದುದು ಮೇಘಾಲಯ. ಎರಡನೆಯ ನಿಮಿಷದಲ್ಲಿಯೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯವು ಪೆನಾಲ್ಟಿಯಿಂದ ಸಮ ಮಾಡಿಕೊಂಡಿತು. ಬೇಕೇ ಓರಂ ಎರಡನೆಯದನ್ನು ಹೊಡೆದರು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಮೂರನೆಯದನ್ನು ಹೊಡೆದರು. ಮೇಘಾಲಯಕ್ಕೆ ಇನ್ನೊಂದು ಗೋಲು ದೊರೆತರೂ 3-2ರಲ್ಲಿ ಕರ್ನಾಟಕ ಗೆದ್ದಿತು. ಐವತ್ತನಾಲ್ಕು ವರ್ಷಗಳ ತರುವಾಯ ಬಂದ ಗೆಲುವು. ಕರ್ನಾಟಕವೆಂಬ ಹೆಸರಿನಲ್ಲಿ ಬಂದ ಮೊದಲನೆಯ ಗೆಲುವು.

ಮಾರನೆಯ ದಿನ ಭಾನುವಾರ. ಪತ್ರಿಕೆಯಲ್ಲಿ “1968-69ರ ನಂತರ” ಎಂಬ ಅಕ್ಷರಗಳನ್ನು ಕಂಡೊಡನೆ ನಮ್ಮಲ್ಲಿ ತರೀಕೆರೆಯವಳು ಉಳಿದಿಬ್ಬರಿಗೂ ಫೋನು ಮಾಡಿದಳು. ಮೂವರಿಗೂ ಒಂದೇ ನೆನಪು ಬಂದಿತ್ತು. ಅದು ಸುನಿಲ್ ಕುಮಾರರದೂ ಅಲ್ಲ, ಅಹಮದ್ ಖಾನರದೂ ಅಲ್ಲ. ಅಜ್ಜಂಪುರದವಳು ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿ ತಳದಿಂದ ಫೋಟೋವನ್ನು ತೆಗೆದಳು. ನಾಯಕಿಯನ್ನು ಹುಡುಕುವುದು ಸುಲಭವಾಗಲಿಲ್ಲ. ತವರಿನಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ. ಗಂಡನ ಮನೆಯಲ್ಲಿ ಅವಳಿಗೆ ಬೇರೆ ಹೆಸರನ್ನಿಟ್ಟಿದ್ದರು. ಯುಗಾದಿ ಕಳೆದ ವಾರದಲ್ಲಿ ವಿಳಾಸ ಸಿಕ್ಕಿತು. ಮೂವರೂ ಕೂಡಿ ಹೋದೆವು.

ಬಾಗಿಲಿಗೆ ಬಂದವಳು ನಮ್ಮನ್ನು ಗುರುತಿಸಲಿಲ್ಲ. “ಬನ್ನಿ, ಕೂತ್ಕೊಳ್ಳಿ, ಎಲ್ಲಿಂದ ಬಂದ್ರಿ?” ಎಂದು ಬಹುವಚನದಲ್ಲಿ ಉಪಚರಿಸಿದಳು. ಫೋಟೋವನ್ನು ಕೈಗೆ ಕೊಟ್ಟೆವು. ಕನ್ನಡಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದಳು. ಅನಂತರ ಕಡೂರಿನವಳ ಕಡೆ ತಿರುಗಿ, “ಅವತ್ತು ನೀನು ಹಾಕ್ಕೊಂಡಿದ್ದು ನನ್ನ ರಿಬ್ಬನ್ನು ಕಣೇ” ಎಂದಳು. ನಾವೆಲ್ಲ ನಕ್ಕೆವು, ಅತ್ತೆವು. ಕಾಫಿ ಆದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಇದು: “ಆ ಕಪ್ಪು ಹೆಡ್‌ಮಿಸ್ಟ್ರೆಸ್ ರೂಮಿನ ಗಾಜಿನ ಬೀರೂನಲ್ಲೇ ಇದೆಯೇನೇ?”

ಐವತ್ತನಾಲ್ಕು ವರ್ಷವೂ ಅದು ಅಲ್ಲಿಯೇ ಇದೆಯೆಂದು ಅವಳು ನಂಬಿದ್ದಳು. ಮರುವರ್ಷವೇ ಸೋತೆವೆಂದು ಹೇಳಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಬಂದಿದ್ರೆ ಸೋಲ್ತಿರ್ಲಿಲ್ಲ” ಎಂದಳು. ಜಂಬದಿಂದ ಹೇಳಿದ ಮಾತಲ್ಲ. ಈ ಸಲ ಮಳೆ ಬಂದಿದ್ದರೆ ರಾಗಿ ಆಗುತ್ತಿತ್ತೆಂದು ಹೇಳುವಂತೆ ಹೇಳಿದಳು. ನಮ್ಮಲ್ಲಿ ಒಬ್ಬಳೂ ತಲೆಯೆತ್ತಿ ಉತ್ತರ ಕೊಡಲಾರದೆ ಹೋದಳು. ಫೋಟೋವನ್ನು ಅಂಚೆಯಲ್ಲಿ ಕಳುಹಿಸಲು ಆಗಿನ ಕಾಲದಲ್ಲಿ ಎಷ್ಟು ಕಾಸು ಬೇಕಾಗಿತ್ತು?

ಹಿಂದಿರುಗುವಾಗ ದಾರಿಯುದ್ದಕ್ಕೂ ಟೀಚರ ಮಾತು ನೆನಪಿಗೆ ಬರುತ್ತಿತ್ತು. ಗೆದ್ದ ಹೆಣ್ಣುಮಕ್ಕಳಿಗೆ ಮರುವರ್ಷದಲ್ಲಿ ಬಾಗಿಲು ಮುಚ್ಚಿದ ಸಂಗತಿ ನಮ್ಮ ನಾಡಿನದು ಮಾತ್ರವಲ್ಲ. ಕಾಲ್ಚೆಂಡಾಟದ ತವರಾದ ಇಂಗ್ಲೆಂಡಿನಲ್ಲಿ ಪ್ರೆಸ್ಟನ್ ಎಂಬ ಊರಿನ ಡಿಕ್ ಕೆರ್ ಕಾರ್ಖಾನೆಯ ಕೆಲಸಗಾರ್ತಿಯರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಒಂದು ತಂಡವನ್ನು ಕಟ್ಟಿ, ಪಂದ್ಯಗಳಿಂದ ಬಂದ ಹಣವನ್ನು ಧರ್ಮಕಾರ್ಯಗಳಿಗೆ ಕೊಡುತ್ತಿದ್ದರು. 1920ರ ಕ್ರಿಸ್ಮಸ್ಸಿನ ಮಾರನೆಯ ದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟವನ್ನು ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ ತನ್ನ ಮೈದಾನಗಳಲ್ಲಿ ಅವರಿಗೆ ಎಡೆ ಕೊಡಬಾರದೆಂದು ನಿರ್ಣಯಿಸಿತು. ಆ ನಿಷೇಧ ಸುಮಾರು ಅರ್ಧ ಶತಮಾನ ಉಳಿಯಿತು. ನಮ್ಮ ನಾಯಕಿ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ಅದು ಇನ್ನೂ ಜಾರಿಯಲ್ಲಿತ್ತು. ಅವರೂ ಸೋತದ್ದರಿಂದ ಹೊರಗಾದವರಲ್ಲ.

ರಿಯಾದಿನ ಗೆಲುವಿನ ಮರುವರ್ಷವೂ ಸುಲಭವಾದುದಾಗಿರಲಿಲ್ಲ. 2023-24ರ ಪಾರಿತೋಷಕವನ್ನು ಸರ್ವಿಸಸ್ ತಂಡದವರು ಗೋವೆಯನ್ನು 1-0ರಲ್ಲಿ ಸೋಲಿಸಿ ಗೆದ್ದರು. 2024-25ರದನ್ನು ಬಂಗಾಳದವರು ಕೇರಳವನ್ನು ಸೋಲಿಸಿ ಪಡೆದರು. ಅದಕ್ಕಾಗಿ ನಮಗೆ ವ್ಯಸನವಿಲ್ಲ. ಪಾರಿತೋಷಕವು ಕೈಯಿಂದ ಕೈಗೆ ಹೋಗತಕ್ಕ ವಸ್ತು. ನಮಗೆ ಹೆಚ್ಚು ಸಂತೋಷವಾದುದು ಇನ್ನೊಂದು ಸುದ್ದಿಯಿಂದ. ರಿಯಾದಿನ ಪಂದ್ಯವಾದ ಎರಡೂವರೆ ತಿಂಗಳಿಗೆ, 2023ರ ಮೇ 21ರಂದು, ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಹೆಣ್ಣುಮಕ್ಕಳ ತಂಡವು ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯವನ್ನು ಆಡಿತು. ಗೋಕುಲಂ ಕೇರಳ ತಂಡಕ್ಕೆ 5-0ರಲ್ಲಿ ಸೋತಿತು. ಸೋಲು ದೊಡ್ಡದೇ. ಆದರೂ ನಮ್ಮ ನಾಯಕಿಗೆ ಒಂದು ಗೆಲುವು ದೊರೆತಿತ್ತು, ಅದರ ಮುಂದೆ ಏನೂ ದೊರೆಯಲಿಲ್ಲ. ಈ ಮಕ್ಕಳಿಗೆ ಒಂದು ಸೋಲು ದೊರೆತಿತು, ಅದರ ಮುಂದೆ ಆಡಲು ಒಂದು ಮೈದಾನವಿತ್ತು. ಎರಡರಲ್ಲಿ ಯಾವುದು ಮೇಲೆಂದು ಈಗ ನಮಗೆ ಸಂದೇಹವಿಲ್ಲ.

ಈ ಸಂಚಿಕೆಯನ್ನು ಓದುವ ತಾಯಿತಂದೆಗಳಲ್ಲಿ ನಮ್ಮದೊಂದು ಅರಿಕೆ. ನಿಮ್ಮ ಮಗಳು ಒಂದು ದಿನ ಶಾಲೆಯಿಂದ ಕಪ್ಪನ್ನೋ ಪದಕವನ್ನೋ ಬಹುಮಾನದ ಪುಸ್ತಕವನ್ನೋ ತಂದು ತೋರಿಸುವಳು. ಆ ದಿನ ಅವಳಿಗೆ ಸಿಹಿ ಮಾಡಿ ಬಡಿಸಿ, ನೆಂಟರಿಗೆ ತೋರಿಸಿ, ಅದೆಲ್ಲವೂ ಸರಿಯೇ. ಆದರೆ ಅವಳಿಗೆ ನೀವು ಕೊಡತಕ್ಕ ನಿಜವಾದ ಬಹುಮಾನ ಬೇರೆ. ಜೂನ್ ತಿಂಗಳು ಬಂದಾಗ ಅವಳನ್ನು ಶಾಲೆಗೆ ಮರಳಿ ಕಳುಹಿಸಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಿಗೂ ಒಂದು ಮಾತು: ಮರಳಿ ಬಾರದೆ ಹೋದ ಗೆಳತಿ ನಿಮಗೂ ಒಬ್ಬಳು ಇದ್ದಿರಬಹುದು. ಅವಳ ವಿಳಾಸವನ್ನು ಹುಡುಕಿರಿ. ಹೊತ್ತು ಮೀರಿತೆಂದು ಸಂಕೋಚಪಡಬೇಡಿ. ನಾವು ಸಂಕೋಚಪಟ್ಟು ಐವತ್ತನಾಲ್ಕು ವರ್ಷಗಳನ್ನು ಕಳೆದುಕೊಂಡೆವು.

ನಾಯಕಿ ಈಗ ತಿಂಗಳಿಗೊಂದು ಸಲ ನಮಗೆ ಫೋನು ಮಾಡುತ್ತಾಳೆ. ಈ ಲೇಖನವನ್ನು ಅವಳಿಗೆ ಓದಿ ಹೇಳಿದೆವು. ಪೂರ್ತಿಯಾಗಿ ಕೇಳಿ, ಚೆಂಡು ಬಲೆಯ ಮೇಲೆ ಹೋಗುತ್ತಿದ್ದುದು ಒಂದು ಬೆರಳಿನಷ್ಟಲ್ಲ, ಎರಡು ಬೆರಳಿನಷ್ಟೆಂದು ಬರೆಯಬೇಕೆಂದಳು. ಅವಳ ಮಾತಿನಂತೆ ಇಲ್ಲಿ ತಿದ್ದಿದ್ದೇವೆ: ಎರಡು ಬೆರಳು.